ಹೊಸ ವಾರ್ಡ್‌ರೋಬ್ ತೆರೆದರೆ ಕಣ್ಣುರಿ: ಏನು ಮಾಡೋದು?

ಮಗುವಿನ ಕೋಣೆಗೆ ವಾರ್ಡ್‌ರೋಬ್ ಮಾಡಿಸಿ ಎರಡು ತಿಂಗಳಾದ ಮೇಲೂ ಅದನ್ನು ತೆರೆದರೆ ಕಣ್ಣು ಉರಿಯುತ್ತದೆ ಅಂದಿದ್ದೀರಿ. ಅದಕ್ಕೆ ಕಾರಣ ಬಹುಶಃ ಫಾರ್ಮಾಲ್ಡಿಹೈಡ್ ಎಂಬ ಅನಿಲ. ಮರದ ಚೂರು, ನಾರನ್ನು ಅಂಟು ಹಾಕಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಇದು ತಿಂಗಳುಗಟ್ಟಲೆ ಹೊರಬರುತ್ತದೆ. ಥಿನ್ನರ್ ವಾಸನೆಯೂ ಇರಬಹುದು, ಆದರೆ ಅದು ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಇಳಿಯುತ್ತದೆ. ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಹಾಗಾಗಿ ಸುಮ್ನೆ ಬಿಡಬೇಡಿ.

ಮೊದಲು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಬಟ್ಟೆ ತೆಗೆದು, ಬಾಗಿಲು, ಡ್ರಾಯರ್ ಎಲ್ಲ ತೆರೆದಿಡಿ. ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿ, ಗಾಳಿ ಹೊರಗೆ ಹೋಗಬೇಕು. ಬಿಸಿ, ತೇವ ಹೆಚ್ಚಿದರೆ ಅನಿಲವೂ ಜಾಸ್ತಿ. ಮಧ್ಯಾಹ್ನ ಕೋಣೆ ಮುಚ್ಚಿಡಬೇಡಿ.

ಆಮೇಲೆ ಟಾರ್ಚ್ ಹಿಡಿದು ಲ್ಯಾಮಿನೇಟ್ ಇಲ್ಲದ ಜಾಗ ಹುಡುಕಿ: ಹಿಂಬದಿ, ಹಲಗೆಯ ಅಂಚು, ಸ್ಕ್ರೂ ತೂತು. ನಮ್ಮ ಮನೆಯಲ್ಲಿ ಬಡಗಿ ಕಣ್ಣಿಗೆ ಕಾಣುವ ಅಂಚಿಗೆ ಮಾತ್ರ ಪಟ್ಟಿ ಅಂಟಿಸಿದ್ದ! ಅಂಥ ಕಡೆಯೆಲ್ಲ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿಸಿ, ಇಲ್ಲವೇ ವಾಟರ್ ಬೇಸ್ ಸೀಲರ್ ಎರಡು ಕೋಟ್ ಹೊಡೆಸಿ. ಗಿಡ ಇಟ್ಟರೆ ಸಾಕು ಅನ್ನೋದನ್ನು ನಂಬಬೇಡಿ.

ಅಡುಗೆಮನೆ ಕೆಲಸ ಇನ್ನೂ ಬಾಕಿ ಅಂದಿರಲ್ಲ, ಅಲ್ಲಿಗೆ ಈ ಅನಿಲ ಕಡಿಮೆ ಬಿಡುವ ಇ-0 ಅಥವಾ ಇ-1 ದರ್ಜೆಯ ಬೋರ್ಡನ್ನೇ ಕೇಳಿ. ಹಲಗೆಯ ಮೇಲಿನ ಮುದ್ರೆ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.