ದುಡ್ಡಿನ ತರಬೇತಿಗಳನ್ನು ಪಟ್ಟಿಯಿಂದ ತೆಗೆಯೋಣವಾ? ನನ್ನ ಉತ್ತರ

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿದೆ. ನಮ್ಮ ಮುಕ್ತ ತಂತ್ರಾಂಶ ಬಳಗದ ತರಬೇತಿ ಪಟ್ಟಿಯಲ್ಲಿ ಒಂದೇ ಸಂಸ್ಥೆ ‘ಕ್ಯೂಜಿಐಎಸ್ ಐದು ದಿನದ ತರಬೇತಿ, 6,000 ರೂಪಾಯಿ’ ಅಂತ ಎರಡು ವಾರದಲ್ಲಿ ನಾಲ್ಕು ಸಲ ಹಾಕಿದೆ (ಕ್ಯೂಜಿಐಎಸ್ ಅಂದರೆ ನಕ್ಷೆ ಮಾಡುವ ಮುಕ್ತ ತಂತ್ರಾಂಶ). ದುಡ್ಡು ಕೇಳುವುದನ್ನೆಲ್ಲ ಅಳಿಸಿಬಿಡೋಣ ಅಂತ ನೀವು ಹೇಳ್ತೀರಿ. ಬೇಕಾದವರು ಹೋಗಲಿ, ನಮಗೇನು ಅಂತ ಹೊಸನಗರದ ಹುಡುಗನೊಬ್ಬ ನಿಮ್ಮ ಪ್ರಶ್ನೆಯ ಕೆಳಗೆ ಬರೆದಿದ್ದಾನೆ. ಈ ಪಟ್ಟಿಯನ್ನು ಇಷ್ಟು ವರ್ಷ ನೋಡಿಕೊಂಡವನಾಗಿ ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರಸೊತ್ತಾದಾಗ ಓದಿ.

ಮುಕ್ತ ಅಂದರೆ ಪುಕ್ಕಟೆ ಅಲ್ಲ, ಬಳಸುವ, ತಿದ್ದುವ, ಹಂಚುವ ಸ್ವಾತಂತ್ರ್ಯ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದ್ದರೂ ನಾವು ಬೆರೆಸಿಬಿಡುತ್ತೇವೆ. ಪ್ರತಿಗೆ ಎಷ್ಟು ಬೇಕಾದರೂ ಬೆಲೆ ಇಡಬಹುದು ಅಂತ ಮುಕ್ತ ತಂತ್ರಾಂಶಗಳಿಗೆ ಬಹಳ ಬಳಸುವ ಜಿಪಿಎಲ್ ಪರವಾನಗಿಯೇ ಹೇಳುತ್ತದೆ. ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ 1985ರ ಹೊತ್ತಿನಲ್ಲಿ ಜಿಎನ್‌ಯು ಈಮ್ಯಾಕ್ಸ್ ಅನ್ನುವ, ಬರಹ ತಿದ್ದುವ ತಂತ್ರಾಂಶ ತುಂಬಿದ ಟೇಪನ್ನು 150 ಡಾಲರಿಗೆ ಮಾರಿದವರು. ನೆಟ್ ಇದ್ದವರು ಅದನ್ನೇ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದಿತ್ತು. ಇನ್ನು ಕಲಿಸುವುದಂತೂ ದುಡಿಮೆ. ಐದು ದಿನ ನಿಂತು ಪಾಠ ಮಾಡಿದವರು ಸಂಬಳ ಕೇಳಿದರೆ ತಪ್ಪೇನಿದೆ? ಅವರನ್ನೆಲ್ಲ ಓಡಿಸಿದರೆ ಕಲಿಯಬೇಕು ಅನ್ನುವ ನಮ್ಮ ಹುಡುಗರಿಗೇ ನಷ್ಟ.

ಹಾಗಂತ ಬಂದದ್ದನ್ನೆಲ್ಲ ಹಾಕುವ ಹಾಗೂ ಇಲ್ಲ. ನನಗೆ ಆದದ್ದು ಹೇಳುತ್ತೇನೆ. ನಮ್ಮ ತೋಟ, ಸೊಪ್ಪಿನ ಬೆಟ್ಟ, ಹಳ್ಳದ ನೀರು ಬರುವ ದಾರಿ ಎಲ್ಲ ನಕ್ಷೆ ಮಾಡಬೇಕು ಅಂತ ಆಸೆ ಇತ್ತು. ಇಂಥದೇ ಒಂದು ಪಟ್ಟಿಯಲ್ಲಿ ಕ್ಯೂಜಿಐಎಸ್ ತರಬೇತಿ ನೋಡಿ, ಕೊನೆಕೊಯ್ಲು ಮುಗಿಸಿ, ತಾಳಗುಪ್ಪದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಮೊದಲ ದಿನದಿಂದಲೂ ಲೈಸೆನ್ಸ್ ಕೊಂಡೇ ಬಳಸಬೇಕಾದ ಬೇರೊಂದು ತಂತ್ರಾಂಶದ ಪಾಠ. ಕ್ಯೂಜಿಐಎಸ್ ತೆರೆದದ್ದು ಕೊನೆಯ ದಿನ ಮಧ್ಯಾಹ್ನದ ಮೇಲೆ. ಕೇಳಿದರೆ, ‘ಕ್ಯೂಜಿಐಎಸ್ ಸಹಿತ ಅಂತ ಹಾಕಿದ್ದೆವಲ್ಲ ಸಾರ್’ ಅಂದರು. ಬರೆದದ್ದರಲ್ಲಿ ಸುಳ್ಳು ಇರಲಿಲ್ಲ. ಯಾವ ದಿನ ಏನು ಕಲಿಸುತ್ತೇವೆ ಅನ್ನುವುದನ್ನು ಮಾತ್ರ ಬರೆದಿರಲಿಲ್ಲ. ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಆ ಪಟ್ಟಿ ನಡೆಸುವವರ ಮೇಲೆ. ಒಂದು ಪ್ರಶ್ನೆ ಕೇಳಿದ್ದರೆ ಅದು ಹೊರಗೆ ಬರುತ್ತಿತ್ತು.

ಅಡಿಕೆ ಮಂಡಿಯಲ್ಲಿ ರಾಶಿ (ಒಳ್ಳೆಯ ದರ್ಜೆ) ಅಂತ ಬರೆದ ಚೀಲದೊಳಗೆ ಕೈ ಹಾಕಿ ನೋಡುತ್ತೇವೆ, ಅಡಿಯಲ್ಲಿ ಗೊರಬಲು (ಕಡಿಮೆ ದರ್ಜೆಯದು) ಇದೆಯಾ ಅಂತ. ಪಟ್ಟಿ ನೋಡಿಕೊಳ್ಳುವವರ ಕೆಲಸ ಅಷ್ಟೇ: ಕೈ ಹಾಕಿ ನೋಡಲು ಬಿಡದ ಚೀಲವನ್ನು ಒಳಗೆ ಬಿಡಬಾರದು. ಬೆಲೆ ನಾವು ಕಟ್ಟುವುದು ಬೇಡ.

ಆದ್ದರಿಂದ ನಾನು ಮೊದಲು ದಿನದಿನದ ಪಾಠಪಟ್ಟಿ ಕೇಳುತ್ತೇನೆ. ಆಮೇಲೆ ಆವೃತ್ತಿ. ಕ್ಯೂಜಿಐಎಸ್‌ನಲ್ಲಿ ನಾಲ್ಕು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ, ವರ್ಷಕ್ಕೊಂದು ದೀರ್ಘಕಾಲ ಬಳಸುವಂಥದ್ದು ಇರುತ್ತದೆ. ಯಾವುದರಲ್ಲಿ ಕಲಿಸುತ್ತೇವೆ ಅಂತಲೇ ಹೇಳಲು ಬಾರದವರು ಇನ್ನೂ ತಯಾರಾಗಿಲ್ಲ ಅಂತ ಲೆಕ್ಕ. ಕಲಿಸುವವರ ಹೆಸರು ಬೇಕು, ಸಂಸ್ಥೆಯ ಹೆಸರೊಂದೇ ಸಾಲದು. ಯಾವ ಭಾಷೆಯಲ್ಲಿ ಪಾಠ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ, ನಮ್ಮವರಿಗೆ ಅದೇ ಮುಖ್ಯ. ಶುಲ್ಕವನ್ನು ಜಿಎಸ್‌ಟಿ ಸೇರಿಸಿ ಬರೆಯಬೇಕು. 6,000ಕ್ಕೆ 18% ಸೇರಿದರೆ 7,080 ಆಗುತ್ತದೆ, ಅದು ಬಾಗಿಲಲ್ಲಿ ಗೊತ್ತಾಗಬಾರದು. ತರಬೇತಿ ರದ್ದಾದರೆ ದುಡ್ಡು ವಾಪಸ್ ಬರುತ್ತದಾ? ಆನ್‌ಲೈನ್ ಆದರೆ ರೆಕಾರ್ಡಿಂಗ್ ಕೊಡುತ್ತಾರಾ? ಜುಲೈನಲ್ಲಿ ತೀರ್ಥಹಳ್ಳಿ ಕಡೆಯವರಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಪಾಠ ಹೋಯಿತು ಅಂತಲೇ ಅಲ್ವಾ.

ಸರ್ಟಿಫಿಕೇಟ್ ವಿಷಯದಲ್ಲಿ ನಾನು ಬಹಳ ಬಿಗಿ. ‘ಅಧಿಕೃತ’ ಅನ್ನುವ ಪದವನ್ನು ಸುಮ್ನೆ ಬಳಸಲು ಬಿಡಬೇಡಿ. ಕ್ಯೂಜಿಐಎಸ್ ಯೋಜನೆಗೆ ತನ್ನದೇ ಪ್ರಮಾಣಪತ್ರ ವ್ಯವಸ್ಥೆ ಇದೆ, ಅದನ್ನು ಕೊಡಲು ಸಂಸ್ಥೆಗಳು ಒಪ್ಪಿಗೆ ಪಡೆಯಬೇಕು. ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆಆಫೀಸ್ ತಂತ್ರಾಂಶವನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್ ತರಬೇತುದಾರರಿಗೆ ಬೇರೆಯೇ ಪ್ರಮಾಣಪತ್ರ ಕೊಡುತ್ತದೆ. ಆನ್‌ಲೈನ್ ಪಾಠ ನಡೆಸುವ ಮೂಡಲ್ ತಂತ್ರಾಂಶದಲ್ಲಿ ಆ ಹೆಸರೇ ಟ್ರೇಡ್‌ಮಾರ್ಕ್. ತಂತ್ರಾಂಶ ಮುಕ್ತವಾದರೂ ಹೆಸರು ಮುಕ್ತವಲ್ಲ ಅನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. ಸಂಸ್ಥೆ ತನ್ನದೇ ಸರ್ಟಿಫಿಕೇಟ್ ಕೊಟ್ಟರೂ ಅಡ್ಡಿಯಿಲ್ಲ, ‘ನಮ್ಮ ಸಂಸ್ಥೆಯದು’ ಅಂತ ಬರೆಯಲಿ. ‘ಕೆಲಸ ಗ್ಯಾರಂಟಿ’ ಅಂತ ಇದ್ದರೆ ಮಾತ್ರ ನಾನು ಪತ್ರ ವ್ಯವಹಾರಕ್ಕೂ ಹೋಗುವುದಿಲ್ಲ, ತೆಗೆದುಬಿಡುತ್ತೇನೆ.

ಪುಕ್ಕಟೆ ಅಂತ ಬರುವುದಕ್ಕೂ ಇವೇ ಪ್ರಶ್ನೆ. ಮೊದಲ ಒಂದು ಗಂಟೆ ಪುಕ್ಕಟೆ ಕೂರಿಸಿಕೊಂಡು ಕೊನೆಗೆ ದೊಡ್ಡ ಕೋರ್ಸ್ ಮಾರುವುದಾದರೆ ಅದು ದುಡ್ಡಿನ ತರಬೇತಿಯೇ, ಆ ಸಾಲಿಗೇ ಹೋಗಬೇಕು. ಪಟ್ಟಿಯ ತಲೆಯ ಮೇಲೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅನ್ನುವ ಪುಕ್ಕಟೆ ವೀಡಿಯೊ ಪಾಠಗಳ ಕೊಂಡಿ ಯಾವಾಗಲೂ ಇರಲಿ. ಲಿಬ್ರೆಆಫೀಸ್‌ನಂಥವು ಅಲ್ಲಿ ಕನ್ನಡದಲ್ಲೂ ಇವೆ. ದುಡ್ಡು ಕೊಡುವ ಮೊದಲು ಅದನ್ನು ನೋಡಿ ಬರಲಿ.

ಇನ್ನೊಂದು ಕಷ್ಟದ ಮಾತು. ನಮ್ಮ ಬಳಗದಲ್ಲೇ ಮೂರ್ನಾಲ್ಕು ಜನ ದುಡ್ಡಿಗೆ ಪಾಠ ಮಾಡುತ್ತಾರೆ, ಒಳ್ಳೆಯವರು. ಅವರಿಗೂ ಇದೇ ನಿಯಮ. ತಾನು ಹಾಕಿದ್ದನ್ನು ತಾನೇ ಒಪ್ಪುವ ಹಾಗಿಲ್ಲ, ಇನ್ನೊಬ್ಬರು ನೋಡಬೇಕು. ಪಟ್ಟಿ ತಾರೀಖಿನ ಪ್ರಕಾರ ಇರಲಿ, ಮುಗಿದ ಮರುದಿನ ತೆಗೆಯಿರಿ. ಹಾಕುವುದಕ್ಕೆ ನಾವು ಕಾಸು ತಗೊಳ್ಳುವುದು ಖಂಡಿತ ಬೇಡ. ತಗೊಂಡ ಮೇಲೆ ತೆಗೆಯಲು ಕೈ ಬರುವುದಿಲ್ಲ.

ಈಗ ಆ ಸಂಸ್ಥೆ. ಅಳಿಸುವ ಮೊದಲು ಕಾರಣ ಹೇಳಿ. ನಾಲ್ಕರಲ್ಲಿ ಮೂರನ್ನು ಇವತ್ತೇ ತೆಗೆಯಿರಿ, ಒಂದನ್ನು ಮರೆಮಾಡಿ, ಹೀಗೆ ಬರೆಯಿರಿ:

‘ನಮಸ್ಕಾರ. ನಿಮ್ಮ ತರಬೇತಿಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲು ನಮಗೆ ಇಷ್ಟವೇ. ಒಂದು ತರಬೇತಿಗೆ ಒಂದೇ ಸಲ ಹಾಕಬೇಕು, ಬದಲಾವಣೆ ಇದ್ದರೆ ಅದರಲ್ಲೇ ತಿದ್ದಿ. ಐದು ದಿನದ ಪಾಠಪಟ್ಟಿ, ಆವೃತ್ತಿ, ಕಲಿಸುವವರ ಹೆಸರು, ಭಾಷೆ, ಜಿಎಸ್‌ಟಿ ಸೇರಿದ ಶುಲ್ಕ, ರದ್ದಾದರೆ ಹಣ ವಾಪಸ್ ಕೊಡುವ ಬಗೆ, ಸರ್ಟಿಫಿಕೇಟ್ ಯಾರದು, ಇಷ್ಟು ತಿಳಿಸಿ. ಉತ್ತರ ಬಂದ ದಿನವೇ ಮತ್ತೆ ಕಾಣುವ ಹಾಗೆ ಮಾಡುತ್ತೇವೆ.’

ಒಂದು ವಾರ ಕಾಯಿರಿ. ಉತ್ತರ ಬಂದರೆ ನನಗೂ ಕಳಿಸಿ, ಪಾಠಪಟ್ಟಿಯನ್ನು ನಾನು ಕೂತು ನೋಡುತ್ತೇನೆ.