ಓದಿದ್ದನ್ನೆಲ್ಲ ತಿರುಗಿಸಬ್ಯಾಡ್ರಿ: ಡಿಸ್ಕ್ ಡ್ರೈವರ್‌ನಲ್ಲಿ ಬೈಟ್ ಕ್ರಮ

ಸಿಂಧನೂರಿನ ಅಣ್ಣಾರೇ, ನೀವು ಬರೆಯುತ್ತಿರುವ ಓಎಸ್‌ನಲ್ಲಿ ಪೆನ್ ಡ್ರೈವ್‌ನ ಬ್ಲಾಕ್ ಅಳತೆ 131072 ಅಂತ ತೋರಿಸ್ತದೆ, ಐಡಿಇ (ಹಳೇ ನಮೂನೆಯ ಡಿಸ್ಕ್ ಜೋಡಣೆ) ಡಿಸ್ಕಿನ ಹೆಸರು ‘ಎಸ್‌ಟಿ’ ಅಂತ ಶುರುವಾಗೋದು ಬಿಟ್ಟು ‘ಟಿಎಸ್’ ಅಂತ ಬರ್ತದೆ. ಓದಿದ್ದರ ಬೈಟ್ ಕ್ರಮವನ್ನೆಲ್ಲ ತಿರುಗಿಸುವ ಒಂದೇ ಫಂಕ್ಷನ್ ಹಾಕಲೇ ಅಂತ ಕೇಳೀರಿ. ಹಾಕಬ್ಯಾಡ್ರಿ. ಇವೆರಡೂ ಬೇರೆ ಬೇರೆ ತಪ್ಪು.

ಮೊದಲು 131072. ಡಿಸ್ಕ್ ಎಷ್ಟು ದೊಡ್ಡದು ಅಂತ ಕೇಳುವ ರೀಡ್ ಕೆಪ್ಯಾಸಿಟಿ 10 ಕಮಾಂಡಿಗೆ 8 ಬೈಟ್ ಉತ್ತರ ಬರ್ತದೆ: 4 ಬೈಟ್ ಕೊನೆಯ ಬ್ಲಾಕಿನ ನಂಬರ್, 4 ಬೈಟ್ ಬ್ಲಾಕಿನ ಅಳತೆ. ಪೆನ್ ಡ್ರೈವ್ ಬಳಸುವ ಸ್ಕಸಿ ಎಂಬ ಕಮಾಂಡ್ ಪದ್ಧತಿಯಲ್ಲಿ ಇವು ಬಿಗ್ ಎಂಡಿಯನ್, ಅಂದ್ರೆ ದೊಡ್ಡ ಬೈಟ್ ಮೊದಲು. 512 ಬರೋದು ಹೆಕ್ಸ್‌ನಲ್ಲಿ (16ರ ಎಣಿಕೆ) 00 00 02 00 ಅಂತ. ಸಣ್ಣ ಬೈಟ್ ಮೊದಲು ಅಂತ ಓದುವ (ಲಿಟಲ್ ಎಂಡಿಯನ್) ಎಕ್ಸ್86 ಪ್ರೊಸೆಸರ್‌ನಲ್ಲಿ 32 ಬಿಟ್ ಪಾಯಿಂಟರ್ ಹಾಕಿ ಹಾಗೇ ಓದಿದ್ರೆ 131072 ಆಗ್ತದೆ. ಒಟ್ಟು ಬ್ಲಾಕ್ ಬೇಕಂದ್ರೆ ಕೊನೆಯ ನಂಬರಿಗೆ 1 ಕೂಡಿಸೋದು ಮರೀಬ್ಯಾಡ್ರಿ.

ಯುಎಸ್‌ಬಿಯಲ್ಲಿ ಎಡವೋದು ಇನ್ನೂ ಸುಲಭ. ಕಮಾಂಡ್ ಕಳಿಸುವ 31 ಬೈಟಿನ ಹೊದಿಕೆ ಲಿಟಲ್ ಎಂಡಿಯನ್. ಸೊನ್ನೆಯಿಂದ ಎಣಿಸಿದ್ರೆ 8ನೇ ಬೈಟಿಂದ ಇರುವ ಡೇಟಾ ಉದ್ದವೂ ಹಾಗೇ. ಅದರೊಳಗೆ 15ನೇ ಬೈಟಿಂದ ಕೂತಿರುವ ಸ್ಕಸಿ ಕಮಾಂಡ್ ಮಾತ್ರ ಬಿಗ್ ಎಂಡಿಯನ್. ಹಂಗಾಗಿ ಬ್ಲಾಕ್ ಓದುವ ರೀಡ್ 10 ಕಮಾಂಡಿನ ಬ್ಲಾಕ್ ನಂಬರ್ 17ರಿಂದ 20ರಲ್ಲಿ, ಎಷ್ಟು ಬ್ಲಾಕ್ ಅನ್ನೋದು 22 ಮತ್ತು 23ರಲ್ಲಿ, ಎರಡೂ ದೊಡ್ಡ ಬೈಟ್ ಮೊದಲು.

ಇನ್ನು ಡಿಸ್ಕಿನ ಹೆಸರು. ಐಡಿಇ ಡಿಸ್ಕಿಗೆ ನೀನ್ಯಾರು ಅಂತ ಕೇಳುವ ಐಡೆಂಟಿಫೈ ಕಮಾಂಡಿನ ಉತ್ತರದಲ್ಲಿ 16 ಬಿಟ್ಟಿನ 256 ವರ್ಡ್ ಇರ್ತವೆ. ಸೀರಿಯಲ್ ನಂಬರ್ (10–19), ಫರ್ಮ್‌ವೇರ್ (23–26), ಮಾಡೆಲ್ (27–46), ಈ ಮೂರರಲ್ಲಿ ಮೊದಲ ಅಕ್ಷರ ವರ್ಡಿನ ಮೇಲಿನ ಬೈಟಿನಲ್ಲಿ ಕೂತಿರ್ತದೆ. ಅವನ್ನಷ್ಟೇ ಎರಡೆರಡು ಬೈಟ್ ಅದಲುಬದಲು ಮಾಡ್ರಿ. 60, 61ರಲ್ಲಿರುವ ಸೆಕ್ಟರ್ ಲೆಕ್ಕ ಮುಟ್ಟಬ್ಯಾಡ್ರಿ. 60 ಕೆಳಗಿನ ಅರ್ಧ, 61 ಮೇಲಿನ ಅರ್ಧ.

ಸೆಕ್ಟರಿನ ಡೇಟಾ ಯಾವತ್ತೂ ತಿರುಗಿಸಬಾರದು. ಓದುವಾಗಲೂ ಬರೆಯುವಾಗಲೂ ತಿರುಗಿಸಿದ್ರೆ ನಿಮ್ಮ ಓಎಸ್‌ನಲ್ಲಿ ಎಲ್ಲ ಸರಿಯಾಗೇ ಕಾಣ್ತದೆ, ಬೇರೆ ಪಿಸಿಗೆ ಹಾಕಿದ ದಿನ ಫೈಲ್ ಒಂದೂ ತೆರೆಯೋದಿಲ್ಲ. ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ. ಸೊನ್ನೆ ಸೆಕ್ಟರಿನ 510ನೇ ಬೈಟ್ ಹೆಕ್ಸ್‌ನಲ್ಲಿ 55, 511ನೇದು ಎಎ ಇದ್ರೆ ಡೇಟಾ ಸರಿಯಾಗಿ ಇಳಿದಿದೆ.

ಪಾಯಿಂಟರ್ ಓದು ಬಿಟ್ಟು, ಒಂದೊಂದೇ ಬೈಟ್ ತಗೊಂಡು ಶಿಫ್ಟ್ ಮಾಡಿ ಕೂಡಿಸುವ ಸಣ್ಣ ಫಂಕ್ಷನ್ ಬರೀರಿ: ಲಿಟಲ್‌ಗೆ 16, 32, 64, ಬಿಗ್‌ಗೂ ಅಷ್ಟೇ. ಯಾವ ಪ್ರೊಸೆಸರ್ ಅಂತ ಕೇಳುವ ಷರತ್ತೇ ಬೇಡ. ಮೊದಲ ಪಾರ್ಟಿಷನ್ ಶುರುವಾಗುವ ಸೆಕ್ಟರ್ ನಂಬರ್ ಸೊನ್ನೆ ಸೆಕ್ಟರಿನ 454ನೇ ಬೈಟಿನಲ್ಲಿದೆ, ಅದು 4ರಿಂದ ಭಾಗ ಹೋಗೋದಿಲ್ಲ. ಅಲ್ಲಿ ನೇರ 32 ಬಿಟ್ ಓದಿದ್ರೆ ಸ್ಪಾರ್ಕ್‌ನಂಥ ಪ್ರೊಸೆಸರ್ ಅಲ್ಲೇ ನಿಲ್ಲಿಸ್ತದೆ. ಬೈಟ್ ಬೈಟ್ ಓದಿದ್ರೆ ಆ ತಾಪತ್ರಯವೂ ತಪ್ತದೆ. 24 ಬಿಟ್ ಶಿಫ್ಟ್ ಮಾಡುವ ಮೊದಲು ಬೈಟನ್ನ ಚಿಹ್ನೆಯಿಲ್ಲದ 32 ಬಿಟ್ಟಿಗೆ ಬದಲಿಸ್ರಿ. ಇಲ್ಲಾಂದ್ರೆ 1 ಟಿಬಿವರೆಗೆ ಸರಿಯಿದ್ದು, ಅದರಾಚೆಯ ಸೆಕ್ಟರ್ ನಂಬರ್ 64 ಬಿಟ್ಟಿಗೆ ಹೋದಾಗ ಋಣ ಸಂಖ್ಯೆ ಆಗ್ತದೆ.

ಪರೀಕ್ಷೆಗೆ ರಾಯಚೂರು, ಬಳ್ಳಾರಿ ಅಂತ ಹಳೇ ಬಿಗ್ ಎಂಡಿಯನ್ ಬೋರ್ಡ್ ಹುಡುಕಿ ಅಲೆಯೋದು ಬೇಡ. ಬೇರೆ ಕಂಪ್ಯೂಟರನ್ನ ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ಬಿಗ್ ಎಂಡಿಯನ್ ಮಿಪ್ಸ್ ಮಾಲ್ಟಾ ಬೋರ್ಡ್ ಸಾಕು, ಅದರಲ್ಲಿ ಐಡಿಇ ಇದೆ. ಪಾರ್ಟಿಷನ್ 2048ರಿಂದ ಶುರುವಾಗುವ ಒಂದೇ ಡಿಸ್ಕ್ ಇಮೇಜನ್ನ ಎಕ್ಸ್86ಕ್ಕೂ ಮಾಲ್ಟಾಕ್ಕೂ ಕೊಡ್ರಿ. ಮಾಲ್ಟಾದಲ್ಲಿ 524288 ಅಂತ ಬಂದ್ರೆ ಪಾಯಿಂಟರ್ ಓದು ಎಲ್ಲೋ ಇನ್ನೂ ಉಳಿದಿದೆ.