ಸಂಪಾದಕರ ಉತ್ತರ: ಐದೋ ಏಳೋ ಕಾಳು

ಮಂಡ್ಯದಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕಾಗದದಲ್ಲಿರುವುದು ಇಷ್ಟು. ನಮ್ಮ ಹಿಂದಿನ ಸಂಚಿಕೆಯ ಮನೆಮದ್ದು ಅಂಕಣದಲ್ಲಿ ‘ಶುಗರ್ ಇರುವವರಿಗೆ ಕರಿಜೀರಿಗೆ ಒಳ್ಳೆಯದು’ ಎಂದು ಓದಿ, ಪಕ್ಕದಲ್ಲಿ ಅಚ್ಚಾಗಿದ್ದ ಚಿತ್ರವನ್ನು ಅಂಗಡಿಯವರಿಗೆ ತೋರಿಸಿ ನೂರು ಗ್ರಾಂ ತಂದರು. ಬಾಯಿಗೆ ಹಾಕಿದರೆ ಬೇವನ್ನೂ ಮೀರಿಸುವ ಕಹಿ. ಪಕ್ಕದ ಮನೆಯ ಆಪಾ ನೋಡಿ ನಕ್ಕುಬಿಟ್ಟರು. ಇದು ಕಲೋಂಜಿಯೇ ಅಲ್ಲ ಎಂದು (ಕರಿಜೀರಿಗೆಗೆ ಅವರು ಹೇಳುವ ಹೆಸರು ಅದು) ತಮ್ಮ ಡಬ್ಬಿಯಿಂದ ಒಂದು ಹಿಡಿ ಕೊಟ್ಟರು. ‘ಸಾವೊಂದನ್ನು ಬಿಟ್ಟು ಎಲ್ಲ ಕಾಯಿಲೆಗೂ ಇದರಲ್ಲಿ ಮದ್ದಿದೆ ಅಂತ ನಮ್ಮ ಪೈಗಂಬರರು ಹೇಳಿದ್ದಾರೆ’ ಎಂದರು. ಒಳಗೆ ಪೇಪರ್ ಓದುತ್ತಿದ್ದ ಯಜಮಾನರ ಕಿವಿಗೆ ಆ ಮಾತು ಬಿತ್ತು. ಹತ್ತು ದಿನದಿಂದ ಅವರು ಶುಗರ್ ಮಾತ್ರೆ ಬಿಟ್ಟು ಕಲೋಂಜಿ ಅಗಿಯುತ್ತಿದ್ದಾರೆ. ಆಪಾ ಹೇಳಿದ್ದು ನಿಜವೇ, ಮಾತ್ರೆ ಬಿಟ್ಟರೆ ನಡೆಯುತ್ತದೆಯೇ, ಆ ಕಹಿ ಪೊಟ್ಟಣ ಏನು ಮಾಡಲಿ ಎಂದು ಕೇಳಿದ್ದಾರೆ.

ಟೀಚರಮ್ಮ,

ಮೊದಲು ಎರಡನೇ ಪ್ರಶ್ನೆ. ಉಳಿದವಕ್ಕೆ ನಿಧಾನವಾಗಿ ಉತ್ತರಿಸಬಹುದು, ಇದಕ್ಕೆ ಆಗುವುದಿಲ್ಲ. ಮಾತ್ರೆ ಬಿಡುವ ಹಾಗಿಲ್ಲ. ಯಜಮಾನರನ್ನು ನಾಳೆ ಬೆಳಿಗ್ಗೆಯೇ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಮಾಮೂಲಿ ಡಾಕ್ಟರಿಗೆ ತೋರಿಸಿ. ಹತ್ತು ದಿನ ಮಾತ್ರೆ ನುಂಗಿಲ್ಲ, ಇದನ್ನು ಅಗಿಯುತ್ತಿದ್ದಾರೆ ಎಂದು ಮುಚ್ಚಿಡದೆ ಹೇಳಿ. ಡಾಕ್ಟರು ಬೈಯಬಹುದು. ಬೈಸಿಕೊಳ್ಳಲಿ ಬಿಡಿ.

ಇನ್ನು ಚಿತ್ರದ ವಿಷಯ. ತಪ್ಪು ನಮ್ಮದು. ಅಂಗಡಿಯವರದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ನಾವು ಬರೆದದ್ದು ಕರಿಜೀರಿಗೆಯ ಬಗ್ಗೆ, ಹಾಕಿದ್ದು ಕಾಡುಜೀರಿಗೆಯ ಚಿತ್ರ. ಅಚ್ಚಿಗೆ ಹೋಗುವ ಮುನ್ನ ಆ ಪುಟ ನೋಡಿ ಸಹಿ ಹಾಕಿದವನು ನಾನೇ. ನೀವು ಪುಟವನ್ನು ಹರಿದು, ಚಿತ್ರದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಗಮನ ಸಾಲದು’ ಎಂದು ಬರೆದು ಕಳಿಸಿದ್ದೀರಿ. ನಲವತ್ತು ವರ್ಷದ ಹಿಂದೆ ನನ್ನ ಕಾಪಿ ಪುಸ್ತಕದ ಮೇಲೂ ಇದೇ ಷರಾ ಇರುತ್ತಿತ್ತು.

ನಿಮ್ಮ ಕಾಗದ ಬಂದ ಸಂಜೆಯೇ ಮೈಸೂರಿನ ಸಂತೆಪೇಟೆಗೆ ಹೋದೆ. ಗ್ರಂಥಿಗೆ ಅಂಗಡಿಯೊಂದರಲ್ಲಿ ಕರಿಜೀರಿಗೆ ಕೊಡಿ ಎಂದೆ. ಅಂಗಡಿಯವರು ತಕ್ಕಡಿ ಮುಟ್ಟಲಿಲ್ಲ. ‘ಅಡುಗೆಗೋ, ಮದ್ದಿಗೋ, ಇಲ್ಲ ಬಿರಿಯಾನಿಗೋ?’ ಎಂದು ಕೇಳಿದರು. ಮೂರೂ ತೋರಿಸಿ ಎಂದೆ. ಪೇಪರ್ ಚೂರುಗಳ ಮೇಲೆ ಮೂರು ಚಿಟಿಕೆ ಹಾಕಿದರು.

ಒಂದು ಕಾಡುಜೀರಿಗೆ. ಉದ್ದ ಕಾಳು, ಕಂದುಗಪ್ಪು, ಮೈಮೇಲೆ ಗೀರು ಗೀರು. ಜಂತುಹುಳಕ್ಕೆ ಹಿಂದಿನವರು ಕೊಡುತ್ತಿದ್ದ ಮದ್ದು, ನಿಮ್ಮ ಕಹಿ ಪೊಟ್ಟಣದ್ದು. ಇನ್ನೊಂದು ಷಾಜೀರಿಗೆ. ತೆಳ್ಳಗೆ, ಕೊಂಚ ಬಾಗಿದ ಕಾಳು, ನಮ್ಮ ಜೀರಿಗೆಯ ಕಪ್ಪು ತಮ್ಮನಂತೆ. ಮೂರನೆಯದೇ ಅಸಲಿ ಕರಿಜೀರಿಗೆ. ಅದು ಜೀರಿಗೆಯ ಆಕಾರದಲ್ಲೇ ಇಲ್ಲ! ಎರಡು ಮೂರು ಮಿಲಿಮೀಟರಿನ, ಮೂಲೆ ಮೂಲೆಯಾದ ಕಾಳು. ಹೊಳಪಿಲ್ಲದ ಕಪ್ಪು. ಇದ್ದಿಲನ್ನು ಜಜ್ಜಿ ಉದುರಿಸಿದಂತೆ ಕಾಣುತ್ತದೆ. ಉಗುರಿನಿಂದ ಒಡೆದರೆ ಒಳಗೆ ಬಿಳುಪು. ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿದೆ. ಓಮ, ಮೆಣಸು ಎರಡೂ ನೆನಪಾಗುವ ಒಂದು ಘಾಟು ಮೂಗಿಗೆ ಬಡಿಯಿತು. ಬಾಯಲ್ಲಿ ಕೊಂಚ ಖಾರ, ಕೊಂಚ ಕಹಿ. ಕೆಲವರು ಇದನ್ನು ಈರುಳ್ಳಿ ಬೀಜ ಎನ್ನುವುದುಂಟು. ಈರುಳ್ಳಿಗೂ ಇದಕ್ಕೂ ಸಂಬಂಧವಿಲ್ಲ. ಈರುಳ್ಳಿ ಬೀಜವನ್ನು ಎಷ್ಟು ತಿಕ್ಕಿದರೂ ಈ ಘಾಟು ಬರುವುದಿಲ್ಲ. ಇನ್ನು ಮುಂದೆ ಚಿತ್ರ ನಂಬಬೇಡಿ, ಮೂಗು ನಂಬಿ.

ಸಸ್ಯಶಾಸ್ತ್ರದವರು ಇದನ್ನು ನೈಜೆಲ್ಲಾ ಸಟೈವಾ ಎನ್ನುತ್ತಾರೆ. ನಮ್ಮ ಕಬ್ಬು, ಭತ್ತದ ಸೀಮೆಯ ಬೆಳೆಯಲ್ಲ. ಉತ್ತರದ ಕಡೆ ಚಳಿಗಾಲದಲ್ಲಿ ಬೆಳೆಯುತ್ತಾರೆ. ಅರಬ್ಬೀ ಭಾಷೆಯಲ್ಲಿ ಇದು ಅಲ್ ಹಬ್ಬತುಸ್ಸೌದಾ, ಅಂದರೆ ಕಪ್ಪು ಕಾಳು. ಹಬ್ಬತುಲ್ ಬರಕಾ ಎಂಬ ಹೆಸರೂ ಇದೆ, ಬರಕತ್ತಿನ ಕಾಳು. ‘ಈ ದುಡ್ಡಿಗೆ ಬರಕತ್ತಿಲ್ಲ ಕಣೋ’ ಅಂತ ನಮ್ಮಜ್ಜಿ ಗೊಣಗುತ್ತಿದ್ದಳಲ್ಲ, ಅದೇ ಬರಕತ್ತು.

ಈಗ ಆಪಾ ಹೇಳಿದ ಮಾತು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಪ್ರವಾದಿ ಮುಹಮ್ಮದರ ಮಾತುಗಳ ಸಂಗ್ರಹಗಳಲ್ಲಿ ತುಂಬ ಗೌರವದ್ದು ಇಮಾಮ್ ಬುಖಾರಿ (810–870) ಅವರದು. ಅದರ ವೈದ್ಯದ ಭಾಗದಲ್ಲೇ ಈ ಮಾತಿದೆ. ಆದರೆ ಅಲ್ಲಿ ಮಾತಿನ ಹಿಂದೆ ಒಂದು ಪ್ರಸಂಗವೂ ಇದೆ. ವಾಟ್ಸಾಪಿನಲ್ಲಿ ಓಡಾಡುವಾಗ ಪ್ರಸಂಗ ಉದುರಿಹೋಗಿ ಮಾತೊಂದೇ ಉಳಿದಿದೆ.

ಒಂದಷ್ಟು ಜನ ಪ್ರಯಾಣ ಹೊರಟಿರುತ್ತಾರೆ. ಅವರಲ್ಲಿ ಗಾಲಿಬ್ ಬಿನ್ ಅಬ್ಜರ್ ಎಂಬವರಿಗೆ ದಾರಿಯಲ್ಲೇ ಕಾಯಿಲೆ ಬೀಳುತ್ತದೆ. ಮದೀನಾ ತಲುಪಿದರೂ ವಾಸಿಯಾಗಿರುವುದಿಲ್ಲ. ನೋಡಲು ಬಂದ ಇಬ್ನ್ ಅಬೀ ಅತೀಕ್ ಒಂದು ಮದ್ದು ಹೇಳುತ್ತಾರೆ. ಕಪ್ಪು ಕಾಳು ಐದೋ ಏಳೋ ತೆಗೆದುಕೊಳ್ಳಿ, ಜಜ್ಜಿ, ಎಣ್ಣೆಯಲ್ಲಿ ಬೆರೆಸಿ, ಮೂಗಿನ ಎರಡೂ ಹೊಳ್ಳೆಗೆ ತೊಟ್ಟು ತೊಟ್ಟು ಬಿಡಿ. ಆಮೇಲೆ, ಈ ಕಾಳಿನಲ್ಲಿ ಸಾವಿನ ಹೊರತು ಎಲ್ಲ ಕಾಯಿಲೆಗೂ ಗುಣವಿದೆ ಎಂದು ಪ್ರವಾದಿಗಳು ಹೇಳಿದ್ದನ್ನು ಅವರ ಪತ್ನಿ ಆಯಿಷಾ ಅವರು ತನಗೆ ತಿಳಿಸಿದ್ದಾಗಿ ಹೇಳುತ್ತಾರೆ.

ಗಮನಿಸಿ ಟೀಚರಮ್ಮ. ಐದೋ ಏಳೋ ಕಾಳು. ಅದೂ ಮೂಗಿಗೆ. ಆ ಮನುಷ್ಯನಿಗೆ ಆಗಿದ್ದದ್ದು ನೆಗಡಿ ಇರಬೇಕು ಎಂದು ಹಳೆಯ ವ್ಯಾಖ್ಯಾನಕಾರರೂ ಊಹಿಸಿದ್ದಾರೆ. ‘ಎಲ್ಲ ಕಾಯಿಲೆಗೂ’ ಎನ್ನುವ ಮಾತನ್ನು ಬಾಯಲ್ಲಿಟ್ಟುಕೊಂಡೇ ಆ ಹಿರಿಯರು ಕೊಟ್ಟದ್ದು ಆ ರೋಗಿಗೆ, ಆ ರೋಗಕ್ಕೆ, ಲೆಕ್ಕವಿಟ್ಟ ಮದ್ದು. ಹಿಡಿಗಟ್ಟಲೆ ಅಗಿಯಿರಿ ಎನ್ನಲಿಲ್ಲ. ನಾನು ನಿಮ್ಮ ಯಜಮಾನರಿಗೆ ಹೇಳಬೇಕೆಂದಿರುವುದೂ ಇದನ್ನೇ.

‘ಎಲ್ಲ’ ಎಂಬ ಪದದ ಬಗ್ಗೆ ಮುಸ್ಲಿಂ ವಿದ್ವಾಂಸರು ಸಾವಿರ ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಹತ್ತನೇ ಶತಮಾನದ ಖತ್ತಾಬೀ ಎಂಬವರು, ಎಲ್ಲ ರೋಗಕ್ಕೂ ಎದುರು ನಿಲ್ಲುವ ಗುಣಗಳೆಲ್ಲ ಒಂದೇ ಗಿಡದಲ್ಲಿ ಸೇರಿರುವುದಿಲ್ಲ, ಇಲ್ಲಿ ‘ಎಲ್ಲ’ ಎಂದರೆ ಶೀತ, ಕಫದಿಂದ ಬರುವಂಥವು ಎಂದರು. ಇಬ್ನ್ ಖಯ್ಯಿಮ್ (1292–1350) ಇನ್ನೂ ಚೆಂದದ ಉದಾಹರಣೆ ಕೊಟ್ಟರು. ಕುರ್‌ಆನಿನಲ್ಲಿ ಒಂದು ಬಿರುಗಾಳಿಯ ಬಗ್ಗೆ ‘ಅದು ಎಲ್ಲವನ್ನೂ ನಾಶ ಮಾಡುತ್ತದೆ’ ಎಂದಿದೆ. ಅದೇ ವಾಕ್ಯದ ಮುಂದೆ, ಆ ಜನರ ಮನೆಗಳು ಮಾತ್ರ ನಿಂತಿದ್ದವು ಎಂದೂ ಇದೆ. ಅಂದಮೇಲೆ ‘ಎಲ್ಲ’ ಅಂದರೆ ನಾಶವಾಗುವಂಥದ್ದೆಲ್ಲ ಎಂದರ್ಥ, ಅಲ್ವಾ? ಕಾಳಿನ ಮಾತನ್ನೂ ಹಾಗೇ ಓದಿಕೊಳ್ಳಿ ಎಂದರು. ಇದಕ್ಕೆ ಒಪ್ಪದವರೂ ಇದ್ದಾರೆ. ಮಾತು ಹೇಗಿದೆಯೋ ಹಾಗೇ ನಂಬುವವರು, ಬೇರೆ ಮದ್ದಿನ ಜೊತೆ ಸೇರಿಸಿದರೆ ಎಲ್ಲಕ್ಕೂ ಆಗುತ್ತದೆ ಎನ್ನುವವರು. ಅವರ ನಂಬಿಕೆ ಅವರದು. ನಮ್ಮಲ್ಲೂ ‘ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುತ್ತೇವೆ. ಹಾಗಂತ ಕಾಲು ಮುರಿದವನಿಗೆ ಮುದ್ದೆ ಕೊಟ್ಟು ಸುಮ್ನೆ ಕೂರುತ್ತೇವೆಯೇ?

ಆಪಾ ಅವರ ಜೊತೆ ಮಾತಿಗೆ ಕೂತಾಗ ಇನ್ನೊಂದು ಪ್ರಸಂಗವನ್ನೂ ಎತ್ತಿ. ಅವರು ಕೇಳಿರಬಹುದು. ಪ್ರವಾದಿಗಳ ಸಂಗಡಿಗ ಸಅದ್ ಬಿನ್ ಅಬೀ ವಕ್ಕಾಸ್ ಎದೆನೋವಿನಿಂದ ಮಲಗಿದ್ದಾಗ, ಸಖೀಫ್ ಕುಲದ ಹಾರಿಸ್ ಬಿನ್ ಕಲದಾನ ಹತ್ತಿರ ಹೋಗು, ಅವನು ವೈದ್ಯ ಬಲ್ಲವನು ಎಂದು ಪ್ರವಾದಿಗಳೇ ಹೇಳಿದ್ದು ಅವರ ಮಾತುಗಳ ಇನ್ನೊಂದು ಸಂಗ್ರಹವಾದ ಅಬೂ ದಾವೂದ್ ಅವರದರಲ್ಲಿದೆ. ಅದೇ ಸಂಗ್ರಹದಲ್ಲಿ, ವೈದ್ಯ ಗೊತ್ತಿಲ್ಲದೆ ಮದ್ದು ಕೊಟ್ಟವನೇ ಹಾನಿಗೆ ಹೊಣೆ ಎಂಬ ಮಾತೂ ಇದೆ. ಇದನ್ನು ಓದಿ, ನಮ್ಮ ಮನೆಮದ್ದು ಅಂಕಣ ನೆನೆದು ನನಗೇ ಸ್ವಲ್ಪ ಬೆವರಿತು.

ಯುನಾನಿ ಪದ್ಧತಿಯ ವೈದ್ಯರಾದ ಹಕೀಮರ ಲೆಕ್ಕದಲ್ಲಿ ಪ್ರತಿ ಮನುಷ್ಯನಿಗೂ ಒಂದು ಮಿಜಾಜು, ಅಂದರೆ ಮೂಲ ಗುಣ, ಪ್ರತಿ ಮದ್ದಿಗೂ ಒಂದು ಮಿಜಾಜು. ಕಲೋಂಜಿಯದು ಬಿಸಿ, ಒಣ. ಆದ್ದರಿಂದ ತಣ್ಣನೆಯ, ಒದ್ದೆಯ ‘ಬಲ್ಗಮ್’ ಜಾಸ್ತಿಯಾದಾಗ, ಅಂದರೆ ನಮ್ಮವರು ಕಫ ಎನ್ನುವ ಕಡೆ, ಇದು ಕೆಲಸಕ್ಕೆ ಬರುತ್ತದೆ. ಮೈಯಲ್ಲಿ ಉಷ್ಣ ಜಾಸ್ತಿ ಇರುವವರಿಗೆ ಒಳ್ಳೆಯ ಹಕೀಮರು ಇದನ್ನು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆ ವೈದ್ಯದೊಳಗೇ ಬೇಡ ಎನ್ನುವ ಜಾಗಗಳಿವೆ ಎಂದಾಯಿತು. ಇಬ್ನ್ ಸೀನಾ (980–1037) ತಮ್ಮ ದೊಡ್ಡ ವೈದ್ಯಗ್ರಂಥದಲ್ಲಿ ಇದನ್ನು ಶೂನೀಜ್ ಎಂಬ ಹೆಸರಿನಲ್ಲಿ ಬರೆದಿದ್ದಾರೆ. ಆಯುರ್ವೇದದಲ್ಲೂ ಇದು ಹೊಸಬನಲ್ಲ. ಉಪಕುಂಚಿಕಾ ಎಂದು ಮೂರು ಜೀರಿಗೆಗಳಲ್ಲಿ ಒಂದಾಗಿ ಕೂತಿದೆ. ನಾವು ಹಿಂದೂಗಳು ತಿನ್ನಬಹುದೇ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಲ್ಲ, ಅದಕ್ಕೆ ಇದೇ ಉತ್ತರ. ನಾನು ಬೆಳೆದ ಮಂಡಿ ಮೊಹಲ್ಲಾದಲ್ಲಿ ಗೆಳೆಯನ ಅಮ್ಮಿ ನೆಗಡಿಗೆ ಕಲೋಂಜಿಯನ್ನು ಹೆಂಚಿನ ಮೇಲೆ ಬೆಚ್ಚಗೆ ಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನಮ್ಮಿಬ್ಬರ ಮೂಗಿಗೂ ಹಿಡಿಯುತ್ತಿದ್ದರು. ನಮ್ಮಮ್ಮ ಅದನ್ನೇ ಓಮದಲ್ಲಿ ಮಾಡುತ್ತಿದ್ದಳು. ನೆಗಡಿಗೆ ಜಾತಿ ಗೊತ್ತಿರಲಿಲ್ಲ.

ಇನ್ನು ಶುಗರ್. ಇದರಲ್ಲಿ ಏನೂ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಕಾಳಿನ ಘಾಟು ಎಣ್ಣೆಯಲ್ಲಿ ಥೈಮೋಕ್ವಿನೋನ್ ಎಂಬ ಅಂಶವಿದೆ. 1963ರಲ್ಲಿ ಅದನ್ನು ಬೇರ್ಪಡಿಸಿದರು. ಅಲ್ಲಿಂದೀಚೆಗೆ ಪ್ರಯೋಗಗಳು ಬೇಕಾದಷ್ಟು ನಡೆದಿವೆ. ಬಹುಪಾಲು ಇಲಿಗಳ ಮೇಲೆ, ಗಾಜಿನ ತಟ್ಟೆಗಳಲ್ಲಿ. ಮನುಷ್ಯರ ಮೇಲೆ ನಡೆದವು ಚಿಕ್ಕವು. ಅದರಲ್ಲೊಂದು ಸೌದಿ ಅರೇಬಿಯಾದ್ದು, 2010ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ 94 ಮಂದಿಗೆ ಮೂರು ತಿಂಗಳು ಕರಿಜೀರಿಗೆ ಕೊಟ್ಟರು. ಕೆಲವರಿಗೆ ದಿನಕ್ಕೆ 1 ಗ್ರಾಂ, ಕೆಲವರಿಗೆ 2, ಕೆಲವರಿಗೆ 3. ಎರಡು ಗ್ರಾಂ ತಿಂದವರಲ್ಲಿ ಸಕ್ಕರೆ ಇಳಿಯಿತು. ಮೂರು ಗ್ರಾಂ ತಿಂದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಆದರೆ ಯಜಮಾನರಿಗೆ ಓದಿ ಹೇಳಬೇಕಾದ ಸಾಲು ಇದು: ಆ 94 ಮಂದಿಯೂ ತಮ್ಮ ಮಾತ್ರೆ ನುಂಗುತ್ತಲೇ ಇದ್ದರು. ಕಾಳು ಮಾತ್ರೆಯ ಜೊತೆಗಿತ್ತು, ಮಾತ್ರೆಯ ಜಾಗದಲ್ಲಿರಲಿಲ್ಲ.

ಜೊತೆಗೆ ತಿನ್ನುವುದೂ ಡಾಕ್ಟರ ಕಣ್ಣಿನಡಿಯಲ್ಲೇ ಆಗಬೇಕು. ಮಾತ್ರೆಯೂ ಸಕ್ಕರೆ ಇಳಿಸಿ, ಕಾಳೂ ಇಳಿಸಿದರೆ ಒಂದು ಬೆಳಿಗ್ಗೆ ಕೈ ನಡುಗಿ, ಮೈ ಬೆವತು, ಕಣ್ಣು ಕತ್ತಲೆ ಬರಬಹುದು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೂ ಇದೇ ಎಚ್ಚರ. ಆಪರೇಷನ್ ಇದ್ದರೆ ಮುಂಚೆಯೇ ತಿಳಿಸಬೇಕು. ಗರ್ಭಿಣಿಯರು ಮದ್ದಿನ ಪ್ರಮಾಣದಲ್ಲಿ ತಿನ್ನದಿರುವುದೇ ವಾಸಿ. ನಾನ್ ರೊಟ್ಟಿಯ ಮೇಲಿನ ನಾಲ್ಕು ಕಾಳಿಗೆ, ಉಪ್ಪಿನಕಾಯಿಯ ಒಗ್ಗರಣೆಗೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. ಎಣ್ಣೆ ಮಾತ್ರ ಕಾಳಿಗಿಂತ ಜೋರು. ಮೈಗೆ ಹಚ್ಚಿದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ.

ಎಣ್ಣೆ ಎಂದಾಗ ಒಂದು ಮಾತು. ಶುಗರ್, ಕ್ಯಾನ್ಸರ್ ಎರಡನ್ನೂ ಒಂದೇ ಸೀಸೆಯಲ್ಲಿ ವಾಸಿ ಮಾಡುವ ಎಣ್ಣೆಯ ಜಾಹೀರಾತೊಂದು ನಮ್ಮ ಕಚೇರಿಗೂ ಬಂದಿತ್ತು. ಪೂರ್ತಿ ಹಿಂಬದಿಯ ಪುಟಕ್ಕೆ. ಒಳ್ಳೆಯ ದುಡ್ಡು. ಇಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಹಾಕುವುದನ್ನು 1954ರ ಕಾನೂನೇ ತಡೆಯುತ್ತದೆ. ವಾಪಸ್ ಕಳಿಸಿದೆವು. ಜಾಹೀರಾತು ವಿಭಾಗದವರು ಒಂದು ವಾರ ನನ್ನ ಜೊತೆ ಕಾಫಿ ಕುಡಿಯಲಿಲ್ಲ.

ಹಕೀಮರಿಗೇ ತೋರಿಸುವ ಮನಸ್ಸಿದ್ದರೆ, ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ. ಅದಕ್ಕೆ ಸೇರಿದ ಆಸ್ಪತ್ರೆಯೂ ಇದೆ. ಹೋಗುವಾಗ ಈಗಿನ ಮಾತ್ರೆಗಳ ಚೀಟಿ ಮರೆಯಬೇಡಿ.

ಆ ಕಹಿ ಪೊಟ್ಟಣ? ಅಡುಗೆಮನೆಯಲ್ಲಿ ಇಡಬೇಡಿ. ಮೊಮ್ಮಕ್ಕಳು ಬಂದಾಗ ಯಾರಾದರೂ ಜೀರಿಗೆ ಎಂದು ಸಾರಿಗೆ ಹಾಕಿಯಾರು. ನೂರು ಗ್ರಾಮಿನ ದುಡ್ಡು ನಮ್ಮ ಲೆಕ್ಕಕ್ಕೆ, ಮುಂದಿನ ಸಂಚಿಕೆಯ ಜೊತೆ ಕಳಿಸುತ್ತೇವೆ. ಹಿಂದಿನ ಸಂಚಿಕೆ ಇಟ್ಟುಕೊಂಡಿರುವ ಉಳಿದ ಓದುಗರು ಮನೆಮದ್ದು ಪುಟದ ಚಿತ್ರದ ಮೇಲೆ ದಯವಿಟ್ಟು ಒಂದು ಗೀಟು ಎಳೆಯಿರಿ. ಶಾಯಿ ಕೆಂಪೇ ಇರಲಿ.

ಆಪಾ ಕೊಟ್ಟ ಕಲೋಂಜಿ ಹಾಕಿ ನಿಂಬೆಕಾಯಿ ಉಪ್ಪಿನಕಾಯಿ ಮಾಡಿದ್ದಾಗಿ ಬರೆದಿದ್ದೀರಿ, ಹೇಗೆ ಮಾಡಿದಿರಿ ಎಂದು ಬರೆಯಲಿಲ್ಲ. ಆಪಾ ಒಪ್ಪಿದರೆ ಅದನ್ನು ಕಳಿಸಿಕೊಡಿ. ಅದಕ್ಕೂ ಮುಂಚೆ, ಯಜಮಾನರ ಖಾಲಿಹೊಟ್ಟೆಯ ಶುಗರ್ ಎಷ್ಟು ಬಂತು ಎಂದು ಒಂದು ಕಾರ್ಡು ಹಾಕಿ.

– ಸಂ.